ಹೊಂಗೆ ಮರದ ವಕೀಲರು

ನನ್ನ ಕಾಲು ಮುರಿದರೆ ನಮ್ಮ ಸೋದರಮಾವ ನೋಡಲು ಬಂದಾರೆಂಬ ನಂಬಿಕೆ ನನಗಿಲ್ಲ. ಆದರೆ ಅವರ ಮರದ ಎಲೆಯಲ್ಲೊಂದು ತೂತು ಕಂಡರೆ ಸಾಕು, ಸಿರುಗುಪ್ಪದಿಂದ ಬಳ್ಳಾರಿಗೆ ಫೋನು ಬರುತ್ತದೆ!

ಅಂಗಳದ ಆ ಹೊಂಗೆ ಮರ ಅತ್ತೆ ನೆಟ್ಟದ್ದು. ಅತ್ತೆ ತೀರಿಕೊಂಡ ಮೇಲೆ ಮಾವ ಅದರ ವಕೀಲರಾದರು. ಹೋದ ವರ್ಷ ಮರಕ್ಕೆ ಹುಳ ಬಿದ್ದಾಗ ನಾನು ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಔಷಧ ಕೊಂಡು ಹೋದೆ. ಮಾವ ಡಬ್ಬಿ ಕಿತ್ತುಕೊಂಡರು.

"ಅದು ತನ್ನ ಎಲಿಗೆ ತಾನ ಕಹಿ ತುಂಬಾಕ ಹತ್ತೈತಿ. ನಡುವ ನೀ ಯಾಕ ಬಾಯಿ ಹಾಕ್ತಿ?" ಎಂದವರು, ಒಂದು ಎಲೆ ಕಿತ್ತು ನನ್ನ ಬಾಯಿಗೇ ತುರುಕಿದರು. "ನಿನ್ನೆಗಿಂತ ಕಹಿ ಐತಿಲ್ಲೋ?"

ನಿನ್ನೆ ನಾನೇಕೆ ಎಲೆ ತಿಂದಿರುತ್ತೇನೆ, ಸ್ವಾಮಿ?

ಬಾಯಿ ತೊಳೆದು, ಮರದ ಕೆಳಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತ ಕೂತೆ. ಒಂದು ಕಣಜ ಹಾರಿ ಬಂತು. ಮಾವ ಹಿಗ್ಗಿದರು. ಕಡಿಸಿಕೊಂಡ ಎಲೆಯಿಂದ ವಾಸನೆ ಬಿಟ್ಟು ಮರವೇ ಕಣಜವನ್ನು ಕರೆಸಿಕೊಳ್ಳುತ್ತದಂತೆ, ಹುಳ ಹಿಡಿಸಲು! ಕರೆಸಿಕೊಂಡ ಕಣಜ ನೆಟ್ಟಗೆ ಬಂದು ನನ್ನ ಕಿವಿಗೆ ಕುಟುಕಿತು.

"ಅದರದೇನು ತಪ್ಪು? ಒಂದಾ ಕಡಿ ಕುಂತು ತಿನ್ನಾದು ನೋಡಿ ನೀನೂ ಹುಳ ಅಂತ ತಿಳ್ಕೊಂಡೈತಿ."

ಈ ವರ್ಷ ಮಾತ್ರ ಪೇಚಾಯಿತು. ಯುಗಾದಿ ಕಳೆದು ಓಣಿಯ ಹೊಂಗೆಗಳೆಲ್ಲ ಹಸಿರಾದರೂ ಮಾವನ ಮರ ಬೋಳಾಗಿಯೇ ನಿಂತಿತ್ತು. ಒಣಗಿದೆ, ಗೋಡೆಯ ಮೇಲೆ ಬೀಳುತ್ತದೆ ಎಂದು ಕುರುಗೋಡಿನಿಂದ ಅವರ ಮಗಳು ಬಂದಳು, ಗರಗಸದವನನ್ನೂ ಕರೆಸಿದಳು. ಮಾವನ ಫೋನು ಬಂದು ನಾನೂ ಓಡಿದೆ. ಮಾವ ಮರದ ಬುಡಕ್ಕೇ ಕುರ್ಚಿ ಹಾಕಿ ಕೂತುಬಿಟ್ಟರು.

"ಒಣಗಿಲ್ಲ, ಬೇಕಂತ ತಡಾ ಮಾಡ್ತೈತಿ! ಹೋದ ವರ್ಷದ್ದು ಮರ ಮರ್ತಿಲ್ಲ. ಹುಳ ಮೊಟ್ಟಿ ಒಡಕೊಂಡು ಬರೋ ಹೊತ್ತಿಗೆ ಎಲಿನಾ ಇರಬಾರದು, ಉಪಾಸ ಬೀಳಬೇಕು."

"ಮರಕ್ಕ ಅಷ್ಟು ಬುದ್ಧಿ ಯಾರು ಕಲಿಸಿದ್ರಪ್ಪಾ?" ಎಂದಳು ಮಗಳು.

"ನಿಮ್ಮವ್ವ."

ನಾನು ನಕ್ಕುಬಿಟ್ಟೆ. ಊಟದ ಹೊತ್ತು ನೋಡಿಕೊಂಡೇ ಬರುವ ನೆಂಟರಿಗೆ ಅತ್ತೆ, "ಅನ್ನ ಆಗಾಕ ಬಂತು, ಕುಂದರ್ರಿ" ಎನ್ನುತ್ತಿದ್ದರು. ಒಲೆಯನ್ನೇ ಹಚ್ಚಿರುತ್ತಿರಲಿಲ್ಲ! ಬಂದವರು ಕಾದು ಕಾದು ಎದ್ದು ಹೋಗಿ, ಗೇಟಿನ ಸದ್ದಾದ ಮೇಲೆಯೇ ಒಲೆ ಹಚ್ಚುವುದು.

ಮಗಳು ನಗಲಿಲ್ಲ. ಕಣ್ಣೊರೆಸಿಕೊಂಡು, "ಮುಂದಿನ ವಾರ ಬಾರಪ್ಪಾ" ಎಂದು ಗರಗಸದವನನ್ನು ಕಳಿಸಿದಳು.

ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ ನನ್ನ ಮೊಬೈಲಿಗೆ ಫೋಟೋ ಬಂತು. ಬೋಳು ಕೊಂಬೆಗಳ ತುದಿಗೆಲ್ಲ ಕೆಂಪು ಚಿಗುರು! ಹಿಂದೆಯೇ ಫೋನು. ನಮ್ಮ ವಕೀಲರ ದನಿ ಅಷ್ಟು ಮೆತ್ತಗಾದದ್ದನ್ನು ನಾನೆಂದೂ ಕೇಳಿರಲಿಲ್ಲ.

"ಲೇ, ನಿಮ್ಮತ್ತಿ ಒಲಿ ಹಚ್ಯಾಳ, ನೋಡು."