ಎಡಹೆಗಲಿಗೆ ಪಿಟೀಲು, ಬಲಹೆಗಲಿಗೆ ದುರ್ಬೀನು

ಪಿಟೀಲು ಕಲಿಸುವವನಿಗೆ ನಕ್ಷತ್ರ ನೋಡುವ ಹುಚ್ಚೂ ಹಿಡಿದರೆ, ಪೇಚಾಟ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿ ಬಸ್ಸು ಹತ್ತಿ ಮನೆಗೆ ಬರುತ್ತದೆ. ನನ್ನ ಪಾಠ ಪುತ್ತೂರಿನಲ್ಲಿ, ವಾರಕ್ಕೆರಡು ದಿನ ಬೆಳ್ಳಾರೆಯಲ್ಲಿ, ಕರೆದರೆ ಶಿಷ್ಯರ ಮನೆಯಲ್ಲೂ. ಹೋದಲ್ಲೆಲ್ಲ ಒಂದು ಹೆಗಲಿಗೆ ಪಿಟೀಲು, ಇನ್ನೊಂದಕ್ಕೆ ದುರ್ಬೀನು.

೧. ಆಯುಧ

ಚುನಾವಣೆಯ ಸಮಯ. ನಮ್ಮ ಕಡೆ ಕೋವಿ ಇದ್ದವರೆಲ್ಲ ಆಗ ಅದನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಬಸ್ಸು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದ ಪೊಲೀಸರೊಬ್ಬರಿಗೆ ನನ್ನ ಉದ್ದದ ಚೀಲ ಕಂಡಿತು.

"ಕೋವಿಯಾ?"

"ಅಲ್ಲ ಸರ್, ನಕ್ಷತ್ರ ನೋಡುವ ದುರ್ಬೀನು."

"ಇನ್ನೊಂದರಲ್ಲಿ ಎಂತ ಉಂಟು?"

"ಪಿಟೀಲು."

"ನಕ್ಷತ್ರ ನೋಡ್ಲಿಕ್ಕೆ ಪಿಟೀಲು ಯಾಕೆ?"

ನಾನು ಪಿಟೀಲು ಕಲಿಸುವವ ಎಂದೆ. ಕೊನೆಗೆ, ಪಿಟೀಲಿನವನೇ ಹೌದಾದರೆ ನುಡಿಸಿ ತೋರಿಸು ಎಂದರು. ರಸ್ತೆ ಬದಿಯಲ್ಲಿ ನಿಂತು, ಶ್ರುತಿ ಕೂಡ ನೋಡದೆ, ಗಾಬರಿಯಲ್ಲೇ ಮೋಹನ ರಾಗ ಶುರು ಮಾಡಿದೆ. ಬಸ್ಸಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಪೊಲೀಸರು ಕೈ ಎತ್ತಿದರು.

"ಸಾಕು, ಸಾಕು. ಇದು ಆಯುಧ ಅಲ್ಲ, ಒಪ್ಪಿದೆ. ಆದರೂ ಜನ ಇರುವಲ್ಲಿ ತೆಗೆಯಬೇಡಿ."

೨. ಆಚೆ ಮನೆ

ಮರ್ಕಂಜದ ಶಿಷ್ಯೆಯೊಬ್ಬಳ ಮನೆಯಲ್ಲಿ, ಪಾಠ ಮುಗಿದು ಮುಸ್ಸಂಜೆಯಾದಾಗ, ಅಂಗಳದಲ್ಲಿ ದುರ್ಬೀನು ಇಟ್ಟು ಶನಿಗ್ರಹದ ಬಳೆ ತೋರಿಸಿದೆ. ಶನಿ ಎಂದ ಕೂಡಲೇ ಮನೆಯವರೆಲ್ಲ ಎರಡು ಹೆಜ್ಜೆ ಹಿಂದೆ ಹೋದರು. ಮುಂದೆ ಬಂದದ್ದು ಶಿಷ್ಯೆಯ ಅಜ್ಜಿ ಒಬ್ಬರೇ. ಸೆರಗು ಹೊದ್ದು, ಒಂದು ಕಣ್ಣು ಮುಚ್ಚಿ, ತುಂಬ ಹೊತ್ತು ನೋಡಿದರು.

"ಚಂದ ಉಂಟು. ಅಲ್ಲ ಮಾಷ್ಟ್ರೇ, ಈ ಕೊಳವೆಯಲ್ಲಿ ಅವ ನಮಗೆ ಇಷ್ಟು ಹತ್ತಿರ ಕಂಡರೆ, ಅವನಿಗೂ ನಾವು ಹತ್ತಿರ ಕಾಣುದಲ್ವಾ?"

ಹಾಗೇನಿಲ್ಲ ಎಂದು ಬೆಳಕಿನ ವಿಜ್ಞಾನವನ್ನೆಲ್ಲ ವಿವರಿಸಿದೆ. ಅಜ್ಜಿ ತಲೆಯಾಡಿಸಿದರು. ನಾನು ಕಾಫಿ ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ದುರ್ಬೀನಿನ ಬಾಯಿ ತಿರುಗಿ, ಬೇಲಿಯ ತಕರಾರಿದ್ದ ಪಕ್ಕದ ಮನೆಯ ಕಡೆಗೆ ಇತ್ತು. ಅಜ್ಜಿ ಪಕ್ಕದಲ್ಲೇ ಕಾವಲು ನಿಂತಿದ್ದರು.

"ಮುಟ್ಟಬೇಡಿ ಮಾಷ್ಟ್ರೇ. ಇನ್ನು ಸ್ವಲ್ಪ ಹೊತ್ತು ಅವ ಅವರನ್ನು ನೋಡಲಿ."

೩. ತಾಳ

ನನ್ನ ದುರ್ಬೀನಿಗೆ ಮೋಟಾರು ಇಲ್ಲ. ಭೂಮಿ ತಿರುಗುವುದರಿಂದ ಗುರುಗ್ರಹ ನೋಡುತ್ತಿದ್ದಂತೆ ಜಾರಿ ಹೋಗುತ್ತದೆ. ಕೊಳವೆಯನ್ನು ಆಗಾಗ ಒಂದು ಕೂದಲಿನಷ್ಟು ದೂಡಬೇಕು. ಮೃದಂಗದ ಸ್ನೇಹಿತನೊಬ್ಬ ಉಪಾಯ ಹೇಳಿದ: "ನಾನು ತಾಳ ಹಾಕ್ತೇನೆ. ಆವರ್ತಕ್ಕೊಮ್ಮೆ ನಾನೇ ಒಂದು ದೂಡುದು. ನೀನು ನೋಡ್ತಾ ಇರು."

ಹತ್ತು ನಿಮಿಷ ಗುರು ಕದಲಲಿಲ್ಲ. ಆಮೇಲೆ ಇವನಿಗೆ ಉಮೇದು ಬಂತು. ಎರಡನೇ ಕಾಲ, ಮೂರನೇ ಕಾಲ ಎಂದು ವೇಗ ಏರಿತು, ಬಾಯಲ್ಲಿ ತಕಧಿಮಿ ಬೇರೆ. ನನ್ನ ಕಣ್ಣಿಗೆ ತೆಂಗಿನ ಗರಿ ಬಂತು, ಟವರಿನ ಕೆಂಪು ದೀಪ ಬಂತು, ಯಾರದ್ದೋ ಟೆರೇಸಿನ ಬಟ್ಟೆಯೂ ಬಂತು.

"ಗುರು ಎಲ್ಲಿ ಮಾರಾಯ?"

ಅವನು ತಾಳ ನಿಲ್ಲಿಸಲಿಲ್ಲ. "ನನ್ನ ತಾಳ ಸರಿ ಉಂಟು. ಗುರುವೇ ಹಿಂದೆ ಬಿದ್ದದ್ದು."

೪. ಚೀಟಿ

ಕಡಬದಲ್ಲಿ ನನ್ನ ಮೊದಲ ಸ್ವತಂತ್ರ ಕಛೇರಿ. ಹದಿನೈದು ವರ್ಷ ಬೇರೆಯವರ ಪಕ್ಕ ಕೂತು ನುಡಿಸಿದವನಿಗೆ ಮಧ್ಯದಲ್ಲಿ ಕೂರುವ ಯೋಗ. ಹೊಸ ಜುಬ್ಬ ಹೊಲಿಸಿದ್ದೆ. ಜನ ಬರಲಿಕ್ಕಿಲ್ಲ ಎಂಬ ಹೆದರಿಕೆ ಅಲ್ಲಿನ ಸಂಗೀತ ಸಭೆಯ ಕಾರ್ಯದರ್ಶಿಗಳಿಗೆ. ಹಾಗಾಗಿ, ಸಂಗೀತ ಕೇಳಿದವರಿಗೆ ಹೊರಗೆ ದುರ್ಬೀನಿನಲ್ಲಿ ಚಂದ್ರನ ದರ್ಶನ ಎಂದು ಪ್ರಕಟಿಸಿದರು. ದುರ್ಬೀನು ನನ್ನದೇ.

ಸಭಾಂಗಣ ತುಂಬಿತು! ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ಕೊನೆಯಲ್ಲಿ ನೂಕುನುಗ್ಗಲು ಬೇಡವೆಂದು ಕಾರ್ಯದರ್ಶಿಗಳು ಕಛೇರಿಯ ನಡುವೆಯೇ ಸಾಲುಸಾಲಾಗಿ ಚಂದ್ರದರ್ಶನದ ಚೀಟಿ ಹಂಚತೊಡಗಿದರು. ಚೀಟಿ ಸಿಕ್ಕಿದವರು ನನಗೊಂದು ಕೈಮುಗಿದು ಮೆಲ್ಲನೆ ಎದ್ದು ಹೋದರು. ಕಲ್ಯಾಣಿ ರಾಗದ ಆಲಾಪನೆಗೆ ಅರ್ಧ ಸಭೆ. ಕೀರ್ತನೆಗೆ ಒಂದು ಸಾಲು. ಮಂಗಳದ ಹೊತ್ತಿಗೆ ನಾನು, ಮೃದಂಗದವರು, ಕರೆಂಟಿನ ಶ್ರುತಿಪೆಟ್ಟಿಗೆ. ಮಂಗಳ ಮುಗಿಸಿ ನೋಡಿದರೆ ಮೃದಂಗದವರೂ ಇಲ್ಲ.

ಬೇಸರದಲ್ಲಿ ಹೊರಗೆ ಬಂದೆ. ಮೈದಾನದಲ್ಲಿ ಉದ್ದದ ಸಾಲು. ಎಲ್ಲರೂ "ಅಬ್ಬಾ, ಎಂಥಾ ಹೊಂಡಗಳು!" ಎಂದು ಸಂತೋಷಪಡುತ್ತಿದ್ದರು. ನನಗೂ ಆಸೆಯಾಯಿತು. ಸಾಲಿನ ಕೊನೆಯಲ್ಲಿ ನಿಂತು, ಮುಕ್ಕಾಲು ಗಂಟೆ ಕಾದು, ದುರ್ಬೀನಿನ ಹತ್ತಿರ ಬಂದೆ. ಅಲ್ಲಿ ಸ್ವಯಂಸೇವಕರೊಬ್ಬರು ನಿಂತಿದ್ದರು, ಸಂಜೆಯಿಂದ ಹೊರಗೇ ಇದ್ದವರು. ನನ್ನ ಮುಖ ನೋಡಿದವರಲ್ಲ.

"ಚೀಟಿ?"

"ನನಗೆ ಕೊಡಲಿಲ್ಲ."

"ಒಳಗೆ ಕೂತು ಸಂಗೀತ ಕೇಳಿದವರಿಗೆ ಮಾತ್ರ ಮಾರಾಯ್ರೆ."

"ನುಡಿಸಿದ್ದೇ ನಾನು!"

"ನುಡಿಸಿದವರದ್ದು ನನಗೆ ಹೇಳಲಿಲ್ಲ. ಕೇಳಿದವರದ್ದು ಮಾತ್ರ ಹೇಳಿದ್ದು."

ನನಗೆ ಸಿಟ್ಟು ಬಂತು. "ಸ್ವಾಮಿ, ಆ ದುರ್ಬೀನು ನನ್ನ ಸ್ವಂತದ್ದು!"

"ಸ್ವಂತದ್ದಾ? ಹಾಗಾದರೆ ಮನೆಯಲ್ಲೇ ನೋಡಬಹುದಲ್ಲ? ಇಲ್ಲಿ ಬಂದು ಯಾಕೆ ರಶ್ ಮಾಡುದು?"