ಪರಿಚಯವಿಲ್ಲದವರ ಶಿಫಾರಸು

ಪರಿಚಯವಿದ್ದವರು ಪಕ್ಷಪಾತ ಮಾಡುವುದರಿಂದ, ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವವರ ಶಿಫಾರಸು ಪತ್ರವನ್ನು ಅವರ ಮುಖವನ್ನೇ ನೋಡಿರದ ಗಣ್ಯರು ಬರೆಯತಕ್ಕದ್ದು. ಅಮೆರಿಕದ ಕ್ಯಾರಿ ಊರಿನ ಕನ್ನಡ ಬಳಗದ 'ಶಿಫಾರಸುದಾರರ ಆಯ್ಕೆ ಉಪಸಮಿತಿ' ೨೦೨೩ರಲ್ಲಿ ಈ ನಿಯಮವನ್ನು ಸರ್ವಾನುಮತದಿಂದ ಅಂಗೀಕರಿಸಿತು.

ಆ ವರ್ಷ ಅರ್ಜಿ ಹಾಕಬೇಕಿದ್ದವಳು ಉಪಸಮಿತಿಯ ಅಧ್ಯಕ್ಷ ದತ್ತಾತ್ರೇಯರ ಮಗಳು ಯಾಮಿನಿ. ಬೇಸಿಗೆ ರಜೆಯಿಡೀ ವೃದ್ಧಾಶ್ರಮವೊಂದರಲ್ಲಿ ದುಡಿದಿದ್ದಳು. ಕೊನೆಯುಸಿರು ಎಳೆಯುತ್ತಿದ್ದ ಮುದುಕನೊಬ್ಬನ ಕೈ ಹಿಡಿದು ಅವಳು ಮಧ್ಯಾಹ್ನವೆಲ್ಲ ಕೂತಿದ್ದನ್ನು ಅಲ್ಲಿನ ಹಿರಿಯ ನರ್ಸ್ ನೋಡಿದ್ದರು. "ನಿನಗೆ ನಾನೇ ಬರೆದುಕೊಡ್ತೀನಿ" ಎಂದು ತಾವಾಗಿಯೇ ಹೇಳಿದ್ದರು.

"ಕಣ್ಣಾರೆ ನೋಡಿದ್ದಾರಾ?" ದತ್ತಾತ್ರೇಯ ಗಾಬರಿಯಾದರು. "ಹಾಗಾದ್ರೆ ಡಿಸ್‌ಕ್ವಾಲಿಫೈ. ಅದೂ ಅಲ್ದೆ, ಬರೀ ನರ್ಸು!"

"ಬಟ್ ಅಪ್ಪಾ, ಶೀ ನೋಸ್ ಮೀ!"

"ಅದೇ ಪ್ರಾಬ್ಲಮ್ಮು."

ದೂರದ ಬ್ಯಾಲಂಟೈನ್ ಬಡಾವಣೆಯ ಹೃದಯ ಶಸ್ತ್ರಚಿಕಿತ್ಸಕ ಡಾ. ವೀರಣ್ಣ ಯಾಮಿನಿಯ ಹೆಸರನ್ನೂ ಕೇಳಿರಲಿಲ್ಲವಾದ್ದರಿಂದ ಅವಿರೋಧವಾಗಿ ಆಯ್ಕೆಯಾದರು. ತಾಯಿ ಕಾತ್ಯಾಯಿನಿ ಹೋಳಿಗೆ ಕಟ್ಟಿಕೊಂಡರು. ಮೂವರೂ ಡ್ರೈವ್ ಮಾಡಿಕೊಂಡು ಅವರ ಮನೆಗೆ ಹೋದರು.

"ಹುಡುಗ ಎಲ್ಲದಾನ್ರೀ?" ಡಾಕ್ಟರು ಕೇಳಿದರು.

"ಇವಳೇ, ಸರ್. ಮಗಳು."

"ಹೌದಾ? ಇರ್ಲಿ ಬಿಡ್ರಿ. ನನಗ ಟೈಮ್ ಇಲ್ಲವಾ, ನೀನ ಬರ್ಕೊಂಡು ಬಾ. ಸಹಿ ನಾ ಮಾಡ್ತೀನಿ."

ತನ್ನನ್ನು ತಾನೇ ಹೊಗಳಿಕೊಳ್ಳಲು ನಾಚಿಕೆಯಾಗಿ ಯಾಮಿನಿ ಆ ಮುದುಕನ ವಿಷಯವನ್ನಷ್ಟೇ ಬರೆದಳು. ಮುಂದಿನ ವಾರ ಅದನ್ನು ಓದಿದ ಡಾಕ್ಟರು ಕಣ್ಣೊರೆಸಿಕೊಂಡರು.

"ಭಾಳ ಛಲೋ ಬರ್ದೀ. ಆದ್ರ ಇದರಾಗ ನಾನ ಇಲ್ಲಲ್ಲ?"

ಲೋಪವನ್ನು ಅಲ್ಲೇ ಸರಿಪಡಿಸಲಾಯಿತು. ತಿದ್ದಿದ ಪ್ರತಿಯಲ್ಲಿ ಮುದುಕನ ಕೈ ಹಿಡಿದು ಕೂತವರು ಡಾ. ವೀರಣ್ಣ. 'ಸದರಿ ಸಂದರ್ಭದಲ್ಲಿ ಯಾಮಿನಿ ಎಂಬುವರೂ ಹಾಜರಿದ್ದರು.'

ಯಾಮಿನಿ ಆ ಸಾಲಿನ ಮೇಲೆ ಬೆರಳಿಟ್ಟಳು. "ಅಂಕಲ್, ಕೈ ಹಿಡ್ದಿದ್ದು ನಾನು."

"ಕೈ ಯಾರದಾದ್ರೇನವಾ, ಸಹಿ ನಂದಲ್ಲೇನು?"

ಅವಳು ಅಪ್ಪನ ಮುಖ ನೋಡಿದಳು. "ಅಂಕಲ್‌ಗೆ ಥ್ಯಾಂಕ್ಸ್ ಹೇಳು" ಎಂದರು ಅಪ್ಪ.

ಮೆಡಿಕಲ್ ಸ್ಕೂಲು ಯಾಮಿನಿಯ ಅರ್ಜಿಯನ್ನು ವಿಷಾದಪೂರ್ವಕವಾಗಿ ತಿರಸ್ಕರಿಸಿತು. ಆದರೆ ಪತ್ರ ಓದಿ ಮನ ಕರಗಿದ ಆಯ್ಕೆ ಮಂಡಳಿ, ಹೊಸ ವಿದ್ಯಾರ್ಥಿಗಳಿಗೆ ಕರುಣೆಯ ಬಗ್ಗೆ ಉಪನ್ಯಾಸ ಕೊಡಲು ಡಾ. ವೀರಣ್ಣನವರನ್ನು ಆಹ್ವಾನಿಸಿತು. ಬಳಗಕ್ಕೆ ಹಬ್ಬವೋ ಹಬ್ಬ. "ನಮ್ಮ ಯಾಮಿನಿಯಿಂದಲೇ ಇದೆಲ್ಲ ಆಗಿದ್ದು" ಎಂದು ಕಾತ್ಯಾಯಿನಿ ಕಂಡಕಂಡವರಿಗೆ ಫೋನ್ ಮಾಡಿ ಹೇಳಿದರು. ಸನ್ಮಾನ ಸಭೆಯಲ್ಲಿ ದತ್ತಾತ್ರೇಯರೇ ಶಾಲು ಹೊದಿಸಿದರು. ಮರುವರ್ಷ ಮತ್ತೆ ಅರ್ಜಿ ಹಾಕಬೇಕಿದ್ದ ಯಾಮಿನಿ ಹಾರ ಹಾಕಿದಳು.

ಹಾರ ಸರಿಮಾಡಿಕೊಳ್ಳುತ್ತ ಡಾಕ್ಟರು ಅವಳತ್ತ ಬಾಗಿದರು. "ಭಾಷಣಾನೂ ನೀನ ಬರ್ದುಕೊಡವಾ. ಆ ಮುದುಕಂದು ಇನ್ನೊಂದೀಟು ಹಾಕು, ಮಂದಿ ಅಳ್ಬೇಕು."

ಕ್ಯಾಮೆರಾ ಕಡೆ ನೋಡಿ ಎಂದರು ಫೋಟೋದವರು. ಎಲ್ಲರೂ ನೋಡಿದರು.

"ಎಷ್ಟು ಮಿನಿಟ್ಸ್ ಇರ್ಬೇಕು, ಅಂಕಲ್?" ಎಂದಳು ಯಾಮಿನಿ.