ಹುಳಕ್ಕಾಗಿ ಕಾದವಳು

ಅರಣ್ಯ ಇಲಾಖೆಗೆ ಇಲಾಖೆಯೇ ಯಾವ ಹುಳದ ಹೆಸರು ಕೇಳಿದರೆ ಬೆವರುತ್ತಿತ್ತೋ, ಆ ಹುಳ ಅಂದು ಬೆಳಿಗ್ಗೆ ಸಸಿಯಮ್ಮನ ಅಡುಗೆಮನೆಯ ಕಿಟಕಿಯ ಮೇಲೆ ಕುಳಿತಿತ್ತು. ಅಕ್ಕಿಕಾಳಿನಷ್ಟು ಗಾತ್ರ, ಕಂದು ಬಣ್ಣ. ನೋಡಿದ ಕೂಡಲೇ ಅವಳ ಕಣ್ಣು ತುಂಬಿ ಬಂತು.

ಸರ್ಕಾರಿ ಪೈನ್ ನೆಡುತೋಪಿನ ಸಸಿಮನೆ ನೋಡಿಕೊಳ್ಳುವವಳು ತೊಗಟೆ ಕೊರೆಯುವ ಹುಳಕ್ಕೆ ಹಂಬಲಿಸುವುದೆಂದರೆ, ಬೆಕ್ಕು ಬರಲೆಂದು ಹಾಲಿನ ಪಾತ್ರೆಯ ಮುಚ್ಚಳ ತೆಗೆದಿಟ್ಟ ಹಾಗೆ. ಆದರೆ ಅವಳ ಗಂಡ ಇಲಾಖೆಯಲ್ಲಿ ವಾಸನೆಯಿಂದ ಹುಳ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟುವವನು. ಸರ್ಕಾರದ ನೆರವಿನ ಯೋಜನೆಯಲ್ಲಿ, ಹುಳ ಬಿದ್ದ ತೋಪಿಗೆ ಬಲೆಯವರನ್ನು ಕಳಿಸುತ್ತಿದ್ದರು. ಮದುವೆಯಾದಾಗಿನಿಂದ ಅವನು ಬಿಸಿಲುಸೀಮೆಯಲ್ಲಿ, ಇವಳು ಹುಳ ಸುಳಿಯದ ಈ ಚಳಿಬೆಟ್ಟದಲ್ಲಿ. ವಾಸನೆಯ ಆಸೆ ತೋರಿಸಿ ಹುಳಗಳನ್ನು ಎಲ್ಲೆಲ್ಲಿಂದಲೋ ಸೆಳೆಯುತ್ತಿದ್ದವನಿಗೆ ಹೆಂಡತಿಯ ಹತ್ತಿರ ಬರುವ ದಾರಿ ಮಾತ್ರ ಇರಲಿಲ್ಲ. ರಜೆಗೆ ಬಂದು, ಬಾಗಿಲ ಚಿಲಕ ಸರಿಮಾಡಿ ಹೋಗಿಬಿಡುತ್ತಿದ್ದ. ಅವನು ಹೋದ ಮೇಲೆ ಬಹಳ ದಿನ ಅವಳು ಹಾಸಿಗೆಯ ಆ ಬದಿಯನ್ನು ಕೊಡವುತ್ತಿರಲಿಲ್ಲ.

ಈಚೆಗೆ ಚಳಿಗಾಲ ಕುಗ್ಗುತ್ತಾ ಬಂದಾಗ ಎಲ್ಲರೂ ಅಯ್ಯೋ ಎಂದರು. ಅವಳೊಬ್ಬಳೇ ಗುಟ್ಟಾಗಿ, ಇನ್ನೊಂದಿಷ್ಟು ಸೆಖೆಯಾಗಲಿ ಎಂದುಕೊಂಡಳು. ಆಮೇಲೆ ಸಸಿಗಳ ಮುಖ ನೋಡಲು ನಾಚಿಕೆಯಾಗಿತ್ತು.

ಹುಳವನ್ನು ಕಿವಿಯೋಲೆಯ ಡಬ್ಬಿಗೆ ಹಾಕಿಕೊಂಡು ಹೊರಬಿದ್ದರೆ ಪಕ್ಕದ ಮನೆಯ ಅಕ್ಕ ಎದುರಾದಳು.

"ಏನೇ, ಹೊಸ ಓಲೆನಾ? ತೋರ್ಸೇ" ಎಂದು ಕಿತ್ತುಕೊಂಡು ಮುಚ್ಚಳ ತೆಗೆದಳು. ಹುಳ ನೇರ ಅವಳ ತುರುಬಿಗೆ ಹಾರಿತು.

"ಅಯ್ಯಯ್ಯೋ! ತೆಗಿಯೇ!"

"ಅಲ್ಲಾಡ್ಬೇಡಿ ಅಕ್ಕಾ, ಸತ್ತೋಗತ್ತೆ!"

"ಯಾರೇ, ನಾನಾ?"

"ಹುಳಾ!"

ತುರುಬು ಬಿಚ್ಚಿ ಹುಡುಕಿ, ಹುಳವನ್ನು ಮತ್ತೆ ಡಬ್ಬಿಗೆ ಹಾಕುವಷ್ಟರಲ್ಲಿ ಸಂಗತಿಯೆಲ್ಲ ಹೊರಬಿತ್ತು. ಅಕ್ಕನ ಕೋಪ ಇಳಿಯಿತು. "ಅಷ್ಟೇನಾ? ನಡಿ, ಇವತ್ತು ದೊಡ್ಡ ಸಾಹೇಬ್ರು ಬಂದಿದಾರಂತೆ. ನಾನೇ ಸಾಕ್ಷಿ ಹೇಳ್ತೀನಿ. ನಿನ್ನ ಗಂಡನ್ನ ಕರೆಸದೆ ಬಿಡಲ್ಲ."

ಕಚೇರಿಯಲ್ಲಿ ಗುಮಾಸ್ತ ಡಬ್ಬಿಯೊಳಗೆ ಇಣುಕಿ ಬಿಳಿಚಿಕೊಂಡ. "ಸಸಿಯಮ್ಮಾ, ಹುಳ ಅಂದ್ರೆ ತೋಪನ್ನೇ ಕಡಿಸಿಬಿಡ್ತಾರೆ. ಸಾಹೇಬ್ರು ಹೋಗೋವರೆಗೆ ಇದು ಹುಳ ಅಲ್ಲ, ಜೀರಿಗೆ!" ಎಂದವನೇ ಮುಚ್ಚಳ ಒತ್ತಿ ಡಬ್ಬಿಯನ್ನು ಕಿಟಕಿಯಾಚೆ ಎಸೆದುಬಿಟ್ಟ.

ಕಿಟಕಿಯ ಕೆಳಗೆ ಗೊಬ್ಬರದ ಗುಂಡಿ. ಸಸಿಯಮ್ಮ ಇಳಿದಳು, ಮೊಣಕಾಲವರೆಗೆ ಹೂತುಹೋದಳು. ಒಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು ಡಬ್ಬಿಯೊಂದಿಗೆ ಮೇಲೆ ಬರುವ ಹೊತ್ತಿಗೆ ಸಾಹೇಬರ ಜೀಪು ಹೊರಟಿತ್ತು. ಕುಂಟುತ್ತಲೇ ಓಡಿ ಗೇಟಿನಲ್ಲಿ ಅಡ್ಡ ನಿಂತಳು. ಅಕ್ಕ ಏದುಸಿರು ಬಿಡುತ್ತಾ ಹಿಂದೆಲ್ಲೋ ಬರುತ್ತಿದ್ದಳು.

"ಸಾರ್, ಹುಳ! ಬಲೆ ಕಟ್ಟೋರನ್ನ ಕಳಿಸ್ಬೇಕು ಸಾರ್!"

ಸಾಹೇಬರು ಹುಳ ನೋಡಿದರು, ಅವಳ ಕಾಲು ನೋಡಿದರು. "ಬಲೆ ಕೆಲಸಾನೇ ಸರ್ಕಾರ ನಿಲ್ಲಿಸ್ತಲ್ಲಮ್ಮಾ. ಬಲೆಯವರನ್ನೆಲ್ಲ ಹೊಸ ಸಸಿ ನೆಡೋಕೆ ಹಾಕ್ತಿದೀವಿ, ಹುಳ ಇಲ್ಲದ ತೋಪುಗಳಲ್ಲಿ ಮಾತ್ರ. ನೀವು ಸಸಿಮನೆಯವರಲ್ವಾ? ನಿಮ್ಮ ಯಜಮಾನ್ರನ್ನ ಇಲ್ಲಿಗೇ ಹಾಕಿದೀನಿ. ಹುಳ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಹೋಗೋಣ ಅಂತಲೇ ಬಂದೆ."

"ಹುಳ ಇದ್ರೆ...?"

"ಅವರು ಬೇರೆ ಬೆಟ್ಟದ ತೋಪಿಗೆ ಹೋಗ್ಬೇಕಾಗತ್ತೆ. ಅದು ಬಿಸಿಲುಸೀಮೆಗಿಂತ ಇನ್ನೂ ದೂರ."

ಅವಳು ಡಬ್ಬಿಯನ್ನು ಸೆರಗಿನಡಿ ಸರಿಸಿದಳು. ಸಾಹೇಬರೂ ಸಂಸಾರಸ್ಥರು, ದನಿ ತಗ್ಗಿಸಿದರು. "ನಾನೂ ಬಿಸಿಲುಸೀಮೆಯಿಂದ್ಲೇ ಬಂದೆ. ಒಂದೇ ಒಂದು ಹುಳ, ನನ್ನ ಜೀಪಲ್ಲೇ ಬಂದಿರಬಹುದು. ಅಲ್ವೇನಮ್ಮಾ?"

ಸಂಜೆ ಗೇಟು ಸದ್ದಾಗುವುದು, ಅವನು ಚಪ್ಪಲಿ ಬಿಡುವುದು, ಮರುದಿನ ಸಂಜೆಯೂ ಹಾಗೇ ಬರುವುದು, ಎಲ್ಲ ಅವಳ ಕಣ್ಣಮುಂದೆ ಬಂತು. ಹೌದು ಎನ್ನಲು ಬಾಯಿ ತೆರೆದಳು.

"ಎಲ್ಲಾದ್ರೂ ಉಂಟಾ ಸಾರ್!" ಅಕ್ಕ ಬಂದು ತಲುಪಿದ್ದಳು. "ಬೆಳಿಗ್ಗೆ ಇವಳ ಅಡುಗೆಮನೇಲೇ ಸಿಕ್ಕಿದ್ದು! ನನ್ನ ತಲೆಗೂ ಹೊಕ್ಕಿತ್ತು! ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ!"

ಗುಮಾಸ್ತ, ಡ್ರೈವರು, ಕೂಲಿಯವರು, ಗೇಟಿನಲ್ಲಿ ನೆರೆದವರೆಲ್ಲ ಕೇಳಿಸಿಕೊಂಡರು. ಸಾಹೇಬರು ನಿಟ್ಟುಸಿರಿಟ್ಟು ಡಬ್ಬಿ ಇಸಿದುಕೊಂಡರು. ಜೀಪು ಹೋಯಿತು.

ಅಕ್ಕ ತನ್ನ ಕರವಸ್ತ್ರದಿಂದ ಸಸಿಯಮ್ಮನ ಮುಖ ಒರೆಸಿದಳು.

"ಸಂತೋಷಕ್ಕೆ ಇಷ್ಟೊಂದು ಅಳ್ತಾರೇನೇ ಹುಚ್ಚಿ? ಸುಮ್ನಿರು. ಇನ್ನು ಅವರು ಬಂದ ಹಾಗೇ ಅಂದ್ಕೋ."